ಆರರಲ್ಲಿ ಮೂರು ಅಂಗಿ

ಮಕ್ಕಳನ್ನು ಪ್ರಾರ್ಥನೆಗೆ ಕೂರಿಸುವುದು ದಿನವೂ ದರ್ಜಿಯ ಹೆಂಡತಿಯ ಪಾಲಿನದು. ಅವಳು ನರ್ಸು. ಆ ಶನಿವಾರ ಬೆಳಗಿನ ಪಾಳಿ ಬಿದ್ದು, ಕೆಲಸ ದರ್ಜಿಯ ತಲೆಗೆ ಬಂತು.

"ಬಾಯಿಪಾಠ ಒಪ್ಪಿಸಿದ್ರೆ ಸಾಲದು ರೀ. ಬೈಬಲ್‌ನಲ್ಲಿ ಒಂದು ವಾಕ್ಯ ನಿಧಾನವಾಗಿ ಎರಡು ಸಲ ಓದಿ. ಕಣ್ಣು ಮುಚ್ಚಿ ಕೂತು, ಸ್ವಾಮಿ, ಇವತ್ತು ನಾನೇನು ಮಾಡ್ಲಿ ಅಂತ ಕೇಳೋದನ್ನ ಕಲಿಸಿ" ಎಂದು ಹೇಳಿ ಅವಳು ಬಸ್ಸಿಗೆ ಓಡಿದಳು.

ದರ್ಜಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಬೇಕರಿ ಮಾಲೀಕರ ಆರು ಅಂಗಿ ಸಂಜೆಯೊಳಗೆ ಕೊಡಬೇಕಿತ್ತು. ಒಂದಕ್ಕೆ ಗುಂಡಿ ಸಾಲದಾಗಿತ್ತು. ಶಿಲುಬೆಯ ಗುರುತು ಹಾಕಿ, ಸಿಕ್ಕಿದ ಪುಟ ತೆರೆದು ಓದಿದ: ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ.

"ಇನ್ನೊಂದ್ಸಲ ಅಪ್ಪ" ಎಂದಳು ದೊಡ್ಡ ಮಗಳು. ಓದಿದ. ಮಕ್ಕಳಿಬ್ಬರೂ ಕಣ್ಣು ಮುಚ್ಚಿದರು.

ಚಿಕ್ಕವಳು ಒಂದು ಕಣ್ಣು ತೆರೆದು, "ಸ್ವಾಮಿ ಏನಾದ್ರೂ ಹೇಳಿದ್ರೆ?" ಎಂದಳು.

"ಹೇಳಿದ ಹಾಗೆ ಮಾಡಿ" ಎಂದು ದರ್ಜಿ ಚಪ್ಪಲಿ ಮೆಟ್ಟಿ ಗುಂಡಿ ತರಲು ಹೊರಟೇಬಿಟ್ಟ.

ಹಿಂತಿರುಗಿದಾಗ ಹಲಗೆಯ ಮೊಳೆಗಳಲ್ಲಿ ಮೂರೇ ಅಂಗಿ ತೂಗುತ್ತಿದ್ದವು.

"ಎರಡಕ್ಕೆ ಒಂದು, ಆರಕ್ಕೆ ಮೂರು. ಅಂಗಿ ಇಲ್ದೋರಿಗೆ ಕೊಟ್ವಿ" ಎಂದಳು ದೊಡ್ಡವಳು.

ಬೀದಿಯಲ್ಲಿ ಅಂಗಿಯಿಲ್ಲದೆ ಕಂಡವರು ಮೂವರು: ಸೆಕೆಗೆ ಜಗುಲಿಯಲ್ಲಿ ಬರಿಮೈಯಲ್ಲಿ ಕೂತ ಎದುರುಮನೆ ತಾತ, ಬನಿಯನ್ನಿನಲ್ಲಿ ಟ್ಯೂಬು ಉಜ್ಜುತ್ತಿದ್ದ ಪಂಕ್ಚರ್ ಅಂಗಡಿಯವನು, ನಲ್ಲಿಯಡಿ ಸ್ನಾನ ಮಾಡುತ್ತಿದ್ದ ಲಾರಿ ಚಾಲಕ.

ಬೇಕರಿ ಮಾಲೀಕರ ಅಂಗಿ ತಾತನ ಮೈಮೇಲೆ ಗೂಟಕ್ಕೆ ಗುಡಾರ ಹೊದಿಸಿದಂತಿತ್ತು.

"ತಾತ, ಅದು ಗಿರಾಕೀದು. ಕೊಟ್ಬಿಡಿ."

"ಮಕ್ಕಳು ಪ್ರಾರ್ಥನೆ ಮಾಡಿ ಕೊಟ್ಟಿದ್ದು. ಕಿತ್ಕೊಳ್ಳೋಕೆ ನೀನ್ಯಾವನಯ್ಯ?"

ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದವು. ದರ್ಜಿ ಮನೆಗೆ ಓಡಿ ತನ್ನ ಹೊಸ ಅಂಗಿ ತಂದುಕೊಟ್ಟು ಅದನ್ನು ಬಿಡಿಸಿಕೊಂಡ. ಅಷ್ಟರಲ್ಲಿ ಸುದ್ದಿ ತಿಳಿದಿದ್ದ ಪಂಕ್ಚರ್ ಅಂಗಡಿಯವನೂ ಬದಲಿ ಕೇಳಿದ. ಭಾನುವಾರ ಇಗರ್ಜಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿ ಕೈಬಿಟ್ಟಿತು. ಲಾರಿ ಆಗಲೇ ಹೊರಟಿತ್ತು. ಸೈಕಲ್ ತುಳಿದು ತುಳಿದು ಅದನ್ನು ಊರಾಚೆಯ ಗೋದಾಮಿನ ಮುಂದೆ ಹಿಡಿಯುವ ಹೊತ್ತಿಗೆ ಮೂರು ಗಂಟೆ.

"ನಂದು ಒಗೆದು ಒದ್ದೆಯಾಗಿದೆ. ನಾನೇನು ಹಾಕ್ಕೊಳ್ಲಿ?" ಎಂದ ಚಾಲಕ.

ದರ್ಜಿ ಮೈಮೇಲಿನದನ್ನೇ ಬಿಚ್ಚಿಕೊಟ್ಟ.

ಬನಿಯನ್ನಿನಲ್ಲಿ ಬೀದಿಗೆ ಕಾಣಿಸಿಕೊಳ್ಳಲು ನಾಚಿ, ಮೂರಂಗಿಯನ್ನೂ ಕಂಕುಳಲ್ಲಿ ಅವುಚಿಕೊಂಡು, ಸಂಜೆ ಹಿತ್ತಲ ಬಾಗಿಲಿಂದ ಒಳಗೆ ಬಂದ. ಎದೆ ಮಾತ್ರ ಯುದ್ಧ ಗೆದ್ದವನ ಹಾಗೆ ಉಬ್ಬಿತ್ತು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬೇಕರಿಯವರು ಬಂದಿದ್ರು ರೀ. ಮಕ್ಕಳು ಅಂಗಿ ಕೊಟ್ಟಿದ್ದನ್ನ ಹೇಳಿದ್ವು. ಅವರು ಇಬ್ಬರ ತಲೇನೂ ಸವರಿದ್ರು. ಹೀಗೆ ಬೆಳೆಸಿದ ಅಪ್ಪ ದೊಡ್ಡ ಮನುಷ್ಯ, ಆ ಮೂರು ಅಂಗಿ ತಗೊಂಡೋರಿಗೇ ಇರ್ಲಿ ಅಂದ್ರು. ಇನ್ಮೇಲೆ ಬೇಕರಿ ಕೆಲಸದವರ ಬಟ್ಟೆಯೆಲ್ಲ ನಮ್ಮಲ್ಲೇ ಹೊಲಿಸ್ತಾರಂತೆ."

ದರ್ಜಿಯ ಕಂಕುಳು ಬೆವರಿತು. "ಈಗ ಎಲ್ಲಿದ್ದಾರೆ?"

"ಅಂಗಿ ಹಾಕ್ಕೊಂಡು ತಾತ ಹೇಗೆ ಕಾಣ್ತಾರೆ ನೋಡ್ಬೇಕು ಅಂತ ಎದುರುಮನೆಗೆ ಹೋದ್ರು."

ದರ್ಜಿ ಬಾಗಿಲ ಸಂದಿಯಿಂದ ಇಣುಕಿದ. ಬೇಕರಿ ಮಾಲೀಕರು ಜಗುಲಿಯಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ ತಾತ, ದರ್ಜಿಯ ಹೊಸ ಅಂಗಿ ತೊಟ್ಟು, ಕೈಯನ್ನು ಈ ಮನೆಯತ್ತ ಚಾಚಿ, ಏನನ್ನೋ ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರು. ತಾತ ಮರೆತದ್ದನ್ನು ಕಿಟಕಿಗಳಲ್ಲಿ ನಿಂತವರು ನೆನಪಿಸಿಕೊಡುತ್ತಿದ್ದರು.