ಗುಜರಿಗೆ ಹೊರಟಿದ್ದ ಯಂತ್ರಮಾನವ

ಓದಿದವರ ಜಾಗಕ್ಕೆ ಓದದವನು ಕಾಲಿಟ್ಟರೆ ಏನಾದರೊಂದು ಆಗುತ್ತಲೇ ಇರುತ್ತದೆ. ಸಿಟ್ಟು ಮಾಡಿಕೊಂಡು ಸಾಕಾಗಿ ಈಗ ನಗುತ್ತೇನೆ.

೧. ಎಷ್ಟು ಓದೀರಿ?

ತೊಂಬತ್ತರ ದಶಕದಲ್ಲಿ ನಾನು ಶಿರಾಳಕೊಪ್ಪದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದೆ. ಬಿಡುವಾದರೆ ಕಚೇರಿಗಳ ಮುಂದೆ ಧರಣಿ. ಒಂದು ದಿನ ಸೊರಬದ ಕಡೆಯ ಮೇಷ್ಟ್ರೊಬ್ಬರು ಅಂಗಡಿಗೆ ಬಂದರು. ಶಿಕಾರಿಪುರದಲ್ಲಿದ್ದ ವಿಶ್ವವಿದ್ಯಾಲಯದ ಸಣ್ಣ ಪ್ರಯೋಗಾಲಯ ಅವರ ಸುಪರ್ದಿಯಲ್ಲಿತ್ತು. ದೊಡ್ಡ ಊರಿನವರು ಬಳಸಿ ಬಿಟ್ಟ, ಗಾಲಿಯ ಮೇಲೆ ಓಡಾಡುವ ಹಳೇ ಯಂತ್ರಮಾನವ ಅಲ್ಲಿ ಕೆಟ್ಟು ನಿಂತಿತ್ತು. ಸೋಮವಾರ ವಿಶ್ವವಿದ್ಯಾಲಯದ ಸಾಹೇಬರು ತಪಾಸಣೆಗೆ ಬಂದಾಗ ಅದು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗದಿದ್ದರೆ ಗುಜರಿಗೆ. ಆಮೇಲೆ ನಮ್ಮ ಹುಡುಗರು ಅಂಥದ್ದನ್ನು ಪುಸ್ತಕದ ಚಿತ್ರದಲ್ಲೇ ನೋಡಬೇಕು. ಹೊರಟೆ.

ಪ್ರಯೋಗಾಲಯದ ಬಾಗಿಲಲ್ಲೇ ಗುಮಾಸ್ತ ತಡೆದ. “ಎಷ್ಟು ಓದೀರಿ?”

“ಏಳನೇ ಕ್ಲಾಸು.”

“ಅಷ್ಟಕ್ಕೆಲ್ಲ ಒಳಗೆ ಬಿಡಾಕಾಗಲ್ರಿ.”

“ಒಳಗಿರೋ ಯಂತ್ರ ಎಷ್ಟು ಓದೈತಿ, ಕೇಳೀರೇನು?”

ಅವನು ನಿಜವಾಗಿಯೂ ಫೈಲು ತೆಗೆದು ಹುಡುಕತೊಡಗಿದ. ನಾನು ಒಳಗೆ ಹೋದೆ.

೨. ಒಳಗಿನ ಸಂಸಾರ

ಮೇಷ್ಟ್ರು ಮೂರು ವಾರ ದಪ್ಪ ಇಂಗ್ಲಿಷ್ ಪುಸ್ತಕ ಓದಿ, ದೋಷ ಯಂತ್ರದ ಮಿದುಳಿನಲ್ಲಿದೆ ಎಂದು ತೀರ್ಮಾನಿಸಿದ್ದರು. ನಾನು ಸ್ಕ್ರೂ ಬಿಚ್ಚಿದೆ. ಹಲ್ಲುಚಕ್ರಗಳ ನಡುವೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿತ್ತು.

“ಮೇಷ್ಟ್ರೆ, ಮಿದುಳು ನೆಟ್ಟಗೈತಿ. ಸಂಸಾರ ಭಾರ ಆಗೈತಿ, ಅಷ್ಟೆ.”

“ನನ್ನದೂ ಅದೇ ಕಾಯಿಲೆ ಮಾರಾಯ್ರೆ” ಎಂದರು.

೩. ಮೊದಲ ಗೆಲುವು

ಗೂಡು ಕಿತ್ತು, ಚಕ್ರ ತಿರುಗದೆ ಸುಟ್ಟುಹೋಗಿದ್ದ ಮೋಟಾರಿಗೆ ಹೊಸ ತಂತಿ ಸುತ್ತಿದೆ. ಯಂತ್ರದ ಮುಂದೆ ಮೀಸೆಯಂಥ ಎರಡು ಕಡ್ಡಿ ಇದ್ದವು. ಅವು ಯಾವುದಕ್ಕಾದರೂ ತಾಗಿದರೆ ಯಂತ್ರ ನಿಲ್ಲಬೇಕು, ಅಡ್ಡ ಇದ್ದದ್ದು ಸರಿದರೆ ಮತ್ತೆ ಹೊರಡಬೇಕು. ಪರೀಕ್ಷೆಗೆ ನಾನೇ ಅಡ್ಡ ನಿಂತೆ. ಬಂತು, ತಾಗಿತು, ನಿಂತಿತು.

“ಇಷ್ಟು ವರ್ಷ ಧರಣಿ ಮಾಡಿದ್ರಲ್ಲ, ನೀವು ಅಡ್ಡ ನಿಂತಾಗ ನಿಂತದ್ದು ಇದೊಂದೇ ಅಲ್ವಾ?” ಮೇಷ್ಟ್ರು ಕೆಣಕಿದರು.

“ಹೌದ್ರಿ. ಇದಕ್ಕಿನ್ನೂ ಪ್ರಮೋಷನ್ ಆಗಿಲ್ಲ.”

೪. ಸಾಹೇಬರ ಪಾದ

ಸೋಮವಾರ ಬಂದ ಸಾಹೇಬರು ಕುರ್ಚಿಯಲ್ಲಿ ಕೂರದೆ ಕೋಣೆಯ ನಟ್ಟನಡುವೆ ನಿಂತರು. ಮೇಷ್ಟ್ರು ಗುಂಡಿ ಒತ್ತಿದರು. ಯಂತ್ರ ಸರಸರ ಹೋಗಿ, ಮೀಸೆಯಿಂದ ಸಾಹೇಬರ ಬೂಟು ಮುಟ್ಟಿ ನಿಂತುಬಿಟ್ಟಿತು.

ಗುಮಾಸ್ತ ಕೈಮುಗಿದ. “ನೋಡ್ರಿ ಸಾರ್, ದೊಡ್ಡವರು ಯಾರಂತ ಅದಕ್ಕೂ ಗೊತ್ತಾಗೈತಿ!”

ಸಾಹೇಬರು ಹಿಗ್ಗಿ, ಆಶೀರ್ವಾದಕ್ಕೆ ಕೈ ಎತ್ತಿ ಹಾಗೇ ನಿಂತರು. ಯಂತ್ರವೂ ನಿಂತಿತು. ಪಕ್ಕಕ್ಕೆ ಸರಿಯಿರಿ ಎನ್ನಲು ಯಾರಿಗೂ ಬಾಯಿಲ್ಲ. ಕೊನೆಗೆ ಸಾಹೇಬರೇ ಗಡಿಯಾರ ನೋಡಿಕೊಂಡರು.

“ಇಷ್ಟೇನಾ? ಆ ಗೋಡೆ ಮುಟ್ಟಲಿಲ್ಲವಲ್ಲ. ಗುಜರಿ ಅಂತ ಬರಕೊಳ್ಳಿ.”

ಮೇಷ್ಟ್ರ ಮುಖ ಬಾಡಿತು. ನನಗೆ ತಡೆಯಲಾಗಲಿಲ್ಲ.

“ಸ್ವಾಮೀ, ಅದು ನಿಮ್ಮ ಕಾಲಿಗೆ ಬಿದ್ದಿಲ್ಲ. ನಿಮ್ಮ ಕಾಲು ಅದಕ್ಕೆ ಅಡ್ಡ ಐತಿ. ಸರೀರಿ ಅತ್ಲಾಗೆ!”

ಸಾಹೇಬರು ಬೆಚ್ಚಿ ಒಂದು ಹೆಜ್ಜೆ ಸರಿದರು. ಯಂತ್ರ ನೆಟ್ಟಗೆ ಹೋಗಿ ಗೋಡೆ ಮುಟ್ಟಿತು.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಗುಮಾಸ್ತನಿಗೆ ಹೇಳಿದರು: “ಯಂತ್ರ ಇರಲಿ. ಇವನನ್ನ ಗುಜರಿಗೆ ಹಾಕಿ.”