ಇಡ್ಲಿಯೊಳಗೆ ಬಚ್ಚಿಟ್ಟ ರಾಗಿ

ಆಟಿಸಂ ಇರುವ ಮಗು ಊಟ ಬೇಡ ಅನ್ನುವುದು ಹಟವಲ್ಲ. ನಮಗೆ ಬರೀ ಘಮ ಅನ್ನಿಸಿದ್ದು ಅದರ ಮೂಗಿಗೆ ಏಟಿನ ಹಾಗೆ ಬಡಿಯಬಹುದು. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಅಪ್ಪನಾದ ನನಗಂತೂ ಗೊತ್ತಿರಲೇಬೇಕಿತ್ತು!

ನಮ್ಮ ನಂದಿತಾಗೆ ಆರು ವರ್ಷ. ಅವಳ ಲೋಕದಲ್ಲಿ ಊಟ ಅಂದರೆ ನಾಲ್ಕೇ: ಇಡ್ಲಿ, ಮೊಸರನ್ನ, ಬಾಳೆಹಣ್ಣು, ಸುಟ್ಟ ಹಪ್ಪಳ. ನಮ್ಮದೋ, ಕೊಡಿಗೇಹಳ್ಳಿಯಲ್ಲಿ ತಲೆತಲಾಂತರದಿಂದ ಮುದ್ದೆ ನುಂಗಿದ ಮಹಾವಂಶ! ಮಗಳ ಜೊತೆ ಒಂದೇ ತಟ್ಟೆಯಲ್ಲಿ ಮುದ್ದೆ ಮುರಿಯಬೇಕು ಅನ್ನೋದು ನನ್ನ ಒಂದೇ ಆಸೆ. ಅವರೆಕಾಳಿನ ಸಾರು ಕುದಿಯುವ ದಿನ ಹೊಟ್ಟೆಗಿಂತ ಮೊದಲು ನನ್ನ ಎದೆ ಹಸಿಯುತ್ತದೆ.

"ಒಂದೇ ವಾರ! ಅವಳಿಗೆ ರಾಗಿ ತಿನ್ನಿಸದಿದ್ರೆ ನನ್ನ ಹೆಸರು ಶಿವರಾಮ್ ಅಲ್ಲ!" ಅಂತ ಘೋಷಿಸಿದೆ.

"ಬಚ್ಚಿಟ್ಟು ಕೊಡ್ಬೇಡಿ ಅಂದಿದ್ದಾರೆ ಕಣ್ರೀ ಥೆರಪಿಸ್ಟ್ ಮೇಡಂ," ಅಂದಳು ಹೆಂಡತಿ ಯಶೋಧಾ. "ಪಕ್ಕದಲ್ಲಿಡಿ, ಮುಟ್ಲಿ, ಮೂಸ್ಲಿ, ತಿಂದ್ರೆ ತಿನ್ಲಿ ಅಂದ್ರು."

"ಇಡ್ಲಿ ಹಿಟ್ಟಲ್ಲಿ ಒಂದು ಚಮಚ ರಾಗಿ! ಯಾರಿಗೆ ಗೊತ್ತಾಗುತ್ತೆ?"

ಗೊತ್ತಾಯ್ತು! ಬೆಳಿಗ್ಗೆ ನಂದಿತಾ ಇಡ್ಲಿಯನ್ನು ಕಿಟಕಿ ಬೆಳಕಿಗೆ ಹಿಡಿದಳು. ಚಿನ್ನದಂಗಡಿಯವನೂ ಹಾಗೆ ಪರೀಕ್ಷೆ ಮಾಡಲ್ಲ! ಮೂಸಿದಳು. ತಟ್ಟೆಯನ್ನು ಒಯ್ದು ಚಪ್ಪಲಿ ಸ್ಟ್ಯಾಂಡ್ ಮೇಲಿಟ್ಟು ಬಂದಳು. ಮರುದಿನ ಅಚ್ಚ ಬಿಳಿ ಇಡ್ಲಿ ಮಾಡಿದರೂ ಚಪ್ಪಲಿ ಸ್ಟ್ಯಾಂಡಿಗೇ. ಅದರ ಮರುದಿನವೂ.

"ನಾಲ್ಕಿತ್ತು, ಈಗ ಮೂರು. ಭೇಷ್ ರೀ!" ಅಂದಳು ಯಶೋಧಾ. ಅವಳ ಕಣ್ಣು ತುಂಬಿತ್ತು.

ಆ ಭಾನುವಾರ ಬ್ಯಾಟರಾಯನಪುರದಿಂದ ಆನಂದಪ್ಪ ಮಾವ ಬಂದರು. ಇಡ್ಲಿ ಕತೆ ಕೇಳಿ ಅಂದರು: "ಎರಡು ದಿನ ಉಪಾಸ ಕೆಡವ್ರಿ. ಅಸಿವಾದ್ರೆ ತಾನೇ ತಿಂತದೆ!"

ನನಗೆ ಮೈಯೆಲ್ಲಾ ಉರಿಯಿತು. ಆದರೆ ಬೈಯಲು ಯಾವ ಮುಖ? ನಾನು ಬಚ್ಚಿಟ್ಟು ಮಾಡಿದ್ದನ್ನೇ ಅವರು ಬಿಚ್ಚಿ ಹೇಳಿದ್ದರು. ಹೋಗಿ ನನ್ನ ಮುದ್ದೆಯ ಮುಂದೆ ಕೂತೆ.

ಆಗ ನಂದಿತಾ ಬಂದಳು. ನನ್ನ ಮುದ್ದೆಯಲ್ಲಿ ಒಂದು ಚೂರು ಮುರಿದಳು. ಉಂಡೆ ಮಾಡಿದಳು. ಮೂಸಿದಳು. ತುಟಿಯ ಹತ್ತಿರಕ್ಕೆ ತಂದಳು! ತುಟಿಗೆ ತಾಕಿತೋ ಇಲ್ಲವೋ, ಉಂಡೆಯನ್ನು ನನ್ನ ಬಾಯಿ ಮುಂದೆ ಹಿಡಿದು ನಿಂತಳು. ನಾನು ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ಮುದ್ದೆಯನ್ನು ನುಂಗದೆ ಅಗಿದೆ.

"ನೋಡಿದ್ರಾ ತಿನ್ಸೋದು ಹೇಗೆ ಅಂತ?" ಅಂದಳು ಯಶೋಧಾ. "ಮೋಸ ಇಲ್ಲ, ಬಲವಂತ ಇಲ್ಲ. ನೀವಾಗೇ ಬಾಯಿ ತೆರೆಯೋವರೆಗೂ ಕಾದ್ಲು."

ನಂದಿತಾಳ ತಟ್ಟೆಗೆ ಇಡ್ಲಿ ಇನ್ನೂ ವಾಪಸ್ ಬಂದಿಲ್ಲ. ಕಾಯ್ತಿದ್ದೀವಿ. ನೀವು ಇಂಥ ಮಗುವಿರುವ ಮನೆಗೆ ಊಟಕ್ಕೆ ಹೋದರೆ ಆ ಪುಟ್ಟ ತಟ್ಟೆಯ ಕಡೆ ಕಣ್ಣು ಹಾಯಿಸಬೇಡಿ. ಉಪದೇಶ ಚಪ್ಪಲಿ ಜೊತೆ ಹೊರಗೇ ಬಿಡಿ. ಮಗುವಿನ ಪಕ್ಕ ಕೂತು, ತೆಪ್ಪಗೆ, ನಿಮ್ಮ ಊಟ ನೀವು ಮಾಡಿ.