ನಿಮ್ಮ ಕೈ ಭಾಳ ಚಲೋ ಐತ್ರಿ

"ನಿಮ್ಮ ಕೈ ಭಾಳ ಚಲೋ ಐತ್ರಿ" ಎಂದು ಯಾರಾದರೂ ಹೊಗಳಿದರೆ ನನಗೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ. ಆ ಮಾತು ಒಂಟಿಯಾಗಿ ಬಂದದ್ದನ್ನು ನಾನು ಕಂಡಿಲ್ಲ. ಬೆನ್ನಿಗೇ "ನಮಗೂ ಒಂದು ಮಾಡಿಕೊಡ್ರಿ" ಬರುತ್ತದೆ. ಮಾಡಿಕೊಟ್ಟ ಮೇಲೆ ಏನಾದರೊಂದು ಫಜೀತಿಯೂ ಬರುತ್ತದೆ.

ನಮ್ಮ ಮನೆಯವರದು ವರ್ಗಾವಣೆಯ ನೌಕರಿ. ತೊಂಬತ್ತರ ದಶಕದ ಆಸುಪಾಸಿನ ಹತ್ತು ಹನ್ನೆರಡು ವರ್ಷಗಳಲ್ಲಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ಗಂಟುಮೂಟೆ ಕಟ್ಟಿದ್ದೇ ಕಟ್ಟಿದ್ದು. ಪ್ರತಿ ಸಲವೂ "ಈ ಊರಾಗ ಯಾರಿಗೂ ಗೊತ್ತಾಗಬಾರದು" ಎಂದುಕೊಂಡು ಕ್ರೋಶಾ ಕಡ್ಡಿ, ಮಣಿ ಡಬ್ಬಿ, ಉಲನ್ ಉಂಡೆ ಎಲ್ಲವನ್ನೂ ಟ್ರಂಕಿನ ತಳಕ್ಕೆ ಹಾಕುತ್ತಿದ್ದೆ. ಮೂರನೆಯ ದಿನಕ್ಕೆ ನಮ್ಮ ಮನೆಯವರು ಓಣಿಯವರ ಮುಂದೆ "ನಮ್ಮಾಕಿ ಕೈಲೆ ಏನ್ ಬೇಕಾದ್ದು ಮಾಡ್ತಾಳ್ರಿ" ಎಂದು ಹೇಳಿಬಂದಿರುತ್ತಿದ್ದರು. ಹೆಂಡತಿಯ ಮೇಲೆ ಅಭಿಮಾನ ಇರಬೇಕು, ಬೇಡ ಎನ್ನುವುದಿಲ್ಲ. ಅದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಲ್ಲ?

ನನ್ನ ಕೈಯನ್ನು ಹೊಗಳದೆ ಇದ್ದವಳು ಒಬ್ಬಳೇ, ಹೊರ್ತಿಯಲ್ಲಿದ್ದ ನಮ್ಮ ದೊಡ್ಡವ್ವ. ಅವ್ವ ತೀರಿದ ಮೇಲೆ ನನ್ನನ್ನೂ ತಮ್ಮನನ್ನೂ ಸಾಕಿದವಳು, ನನಗೆ ಈ ಸೂಜಿ ದಾರದ ಚಟ ಹತ್ತಿಸಿದವಳು. ನಾನು ಏನೇ ಮಾಡಿ ತೋರಿಸಲಿ, ಕನ್ನಡಕ ಏರಿಸಿ, ಹಿಂದುಮುಂದು ತಿರುವಿ, "ಗಂಟು ಕಾಣಾಕತ್ತೈತಿ" ಎಂದು ಕೆಳಗಿಡುತ್ತಿದ್ದಳು. ಊರವರೆಲ್ಲರ ಹೊಗಳಿಕೆಗೆ ಹೆದರುತ್ತಿದ್ದ ನಾನು ಅವಳ ಬಾಯಿಂದ ಮಾತ್ರ ಒಂದೇ ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತಿದ್ದೆ. ಎಷ್ಟು ವಯಸ್ಸಾದರೂ ಈ ಆಸೆ ಹೋಗುವುದಿಲ್ಲ ನೋಡಿ.

ಇಂಡಿ: ಟಿವಿಗೆ ಹೊದಿಕೆ

ಇಂಡಿಯಲ್ಲಿ ನಮ್ಮ ಎದುರುಮನೆಗೆ ಕಲರ್ ಟಿವಿ ಬಂತು. ಆ ಮನೆಯ ವೈನಿ ಟಿವಿಗೆ ಆರತಿ ಮಾಡಿ, ಕುಂಕುಮ ಹಚ್ಚಿ, ಸೀದಾ ನಮ್ಮ ಮನೆಗೆ ಬಂದರು. "ಟಿವಿ ಬತ್ತಲೆ ಕುಂತಂಗ ಕಾಣ್ತೈತ್ರಿ. ನಿಮ್ಮ ಕೈ ಭಾಳ ಚಲೋ ಐತಂತ. ಒಂದು ಹೊದಿಕಿ ಹಾಕಿಕೊಡ್ರಿ, ಸುತ್ತಲೂ ಗೊಂಡೆ ಇರಬೇಕು."

ಬಿಳಿ ದಾರದಲ್ಲಿ ಹೆಣೆದೆ. ಒಂದೂವರೆ ತಿಂಗಳು ಹಿಡಿಯಿತು. ಕೊಡುವಾಗ "ಟಿವಿ ಹಚ್ಚಿದಾಗ ತಗೀರಿ, ಬಂದ್ ಮಾಡಿದಾಗ ಹಾಕ್ರಿ" ಎಂದು ಹೇಳಿಯೂ ಕೊಟ್ಟೆ.

ವಾರ ಬಿಟ್ಟು ಒಂದು ಸಂಜೆ ಅವರ ಮನೆಗೆ ಹೋದರೆ ಮನೆಮಂದಿಯೆಲ್ಲ ವಾರ್ತೆ ನೋಡುತ್ತ ಕೂತಿದ್ದಾರೆ. ಹೊದಿಕೆ ಹೊದಿಸಿದ್ದು ಹಾಗೇ ಇದೆ. ಮುಂದಿನ ಅಂಚನ್ನು ಸ್ವಲ್ಪ ಮೇಲಕ್ಕೆ ಮಡಚಿದ್ದರಷ್ಟೇ, ಗೊಂಡೆಗಳ ಸಾಲು ಪರದೆಯ ಮೇಲೆ ಇಳಿಬಿದ್ದಿತ್ತು. ವಾರ್ತೆ ಓದುವಾಕೆಯ ಹಣೆಗೆ ಥೇಟ್ ಬಾಸಿಂಗ ಕಟ್ಟಿದಂತೆ ಕಾಣುತ್ತಿತ್ತು. ಅವಳು ಎಲ್ಲಿಯದೋ ಪ್ರವಾಹದ ಸುದ್ದಿ ಓದುತ್ತಿದ್ದಳು.

"ವೈನಿ, ಅದನ್ನ ಪೂರಾ ತಗೀಬೇಕ್ರಿ" ಎಂದೆ.

"ಇರ್ಲಿ ಬಿಡ್ರಿ" ಎಂದರು ವೈನಿ, ಕಣ್ಣು ಕೀಳದೆ. "ಯಾರ ಬಂದ್ರೂ ಮದಿವಿ ಮನಿ ಕಂಡಂಗ ಆಗ್ತೈತಿ."

ಸಿಂದಗಿ: ಮಾಸ್ತರರ ಸ್ವೆಟರ್

ಸಿಂದಗಿಯಲ್ಲಿ ನಮ್ಮ ಮನೆ ಮಾಲಕರು ನಿವೃತ್ತ ಮಾಸ್ತರರು. ಬಹಳ ಸಂಭಾವಿತರು. ಒಂದು ದೀಪಾವಳಿಗೆ "ಛಳಿ ಬಂತು ನೋಡವಾ, ಒಂದು ಸ್ವೆಟರ್..." ಎಂದು ಅರ್ಧಕ್ಕೇ ನಿಲ್ಲಿಸಿ ನಾಚಿಕೊಂಡರು. ನಾಚಿಕೊಂಡು ಕೇಳಿದವರಿಗೆ ಇಲ್ಲ ಎನ್ನುವುದು ಇನ್ನೂ ಕಷ್ಟ.

ನಡುವೆ ಯಂಕಂಚಿಯ ಗೆಳತಿಯೊಬ್ಬಳ ಮನೆಯ ವಾಸ್ತುಶಾಂತಿ ಬಂತು. ಅವಳಿಗೆಂದು ಹಸಿರು ಮಣಿಗಳ ಒಂದು ಗಿಳಿ ಮಾಡಲು ಕೂತೆ. ಕೊನೆಗೆ ಕಣ್ಣಿಗೆ ಬಂದಾಗ ಕರಿಮಣಿ ಒಂದೇ ಉಳಿದಿತ್ತು. ಇನ್ನೊಂದು ಕಣ್ಣಿಗೆ ಕೆಂಪು ಮಣಿ ಹಾಕಿ, ದೊಡ್ಡವ್ವನ ಕಣ್ಣಿಗೆ ಬೀಳುವ ಮೊದಲೇ ಗೆಳತಿಗೆ ಕೊಟ್ಟು ಕೈತೊಳೆದುಕೊಂಡೆ. ಆ ಗಿಳಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹೀಗೆ ಒಂದಲ್ಲ ಒಂದು ಅಡ್ಡಿಯಾಗಿ ಮಾಸ್ತರರ ಸ್ವೆಟರು ಮುಗಿದದ್ದು ಯುಗಾದಿ ಕಳೆದ ಮೇಲೆ. ಸಿಂದಗಿಯ ಬಿಸಿಲು ಗೊತ್ತಿದ್ದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. "ಮುಂದಿನ ಛಳಿಗಾಲಕ್ಕ ಆಗ್ತೈತ್ರಿ" ಎಂದು ಕೊಟ್ಟೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಅದನ್ನು ತೊಟ್ಟು ನಮ್ಮ ಬಾಗಿಲೆದುರಿನ ಕಟ್ಟೆಯ ಮೇಲೆ ಬಂದು ಕೂತರು. ನನಗೆ ಖುಷಿಯಾಯಿತು, ಹೊಸ್ತಿಲಲ್ಲಿ ನಿಂತು ಮಾತಾಡಿಸಿದೆ. ಅಳತೆ ಸರಿಯಾಗಿದೆ ಎಂದರು, ಬಣ್ಣ ಒಪ್ಪುತ್ತದೆ ಎಂದರು. ಮುಖ ಕೆಂಪಾಗಿ ಕಿವಿಯ ಬುಡದಿಂದ ಬೆವರು ಇಳಿಯತೊಡಗಿತು. ಪಾಪ, ಆರಾಮಿಲ್ಲವೋ ಏನೋ ಎಂದು ನಾನು ನೀರು ತಂದುಕೊಟ್ಟೆ, ಬೀಸಣಿಗೆ ತಂದು ಗಾಳಿ ಹಾಕಿದೆ. ಅರ್ಧ ತಾಸು ಅಲ್ಲೇ ನಿಂತು ಉಪಚಾರ ಮಾಡಿದೆ. ಕೊನೆಗೆ ಅವರ ಹೆಂಡತಿ ಓಡಿ ಬಂದು "ಅಯ್ಯ, ಅದನ್ನ ತಗೀಬಾರದೇನ್ರಿ!" ಎಂದು ಕೂಗಿದರು.

ಮಾಸ್ತರರು ಸಣ್ಣ ದನಿಯಲ್ಲಿ ಹೇಳಿದರು: "ತಗೀತಿದ್ದೆ. ಈ ಹುಡುಗಿ ಒಳಗ ಹೋಗವಲ್ಲಳು."

ಬಾಗೇವಾಡಿ: ಸಕ್ಕರೆಯ ದಾಗೀನ

ಬಾಗೇವಾಡಿಗೆ ಬಂದ ವರ್ಷ ನೆರೆಮನೆಯ ಅಜ್ಜಿ ತನ್ನ ಮೊಮ್ಮಗಳ ಮೊದಲ ಸಂಕ್ರಾಂತಿಗೆ ಕುಸುರೆಳ್ಳಿನ ದಾಗೀನ ಬೇಕೆಂದಳು. ಎಳ್ಳಿನ ಮೇಲೆ ಸಕ್ಕರೆ ಪಾಕ ಹನಿಹನಿಯಾಗಿ ಹಾಕುತ್ತ, ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ, ಕಾಳಿನ ಮೈಮೇಲೆ ಮುಳ್ಳು ಏಳುವ ತನಕ ಕೂಡಬೇಕು. ಆಮೇಲೆ ಆ ಕಾಳುಗಳನ್ನು ದಾರಕ್ಕೆ ಕಟ್ಟಿ ಸರ, ತೋಳಬಂದಿ, ಕಿರೀಟ ಮಾಡಬೇಕು. ಬೆರಳ ತುದಿ ಸುಟ್ಟು ಬೊಬ್ಬೆ ಬಂದವು. ಆದರೆ ಕೂಸಿಗೆ ತೊಡಿಸಿದಾಗ ಎಷ್ಟು ಚಂದ ಕಂಡಿತೆಂದರೆ ನನ್ನ ದಣಿವೆಲ್ಲ ಇಳಿಯಿತು.

ಫೋಟೋದವನು ಬರುವುದು ತಡವಾಯಿತು. ಕೂಸು ಅಳತೊಡಗಿತು. ಸುಮ್ಮನಾಗಲಿ ಎಂದು ಅದರ ಅತ್ತೆ ತೋಳಬಂದಿಯ ಒಂದು ಕಾಳನ್ನು ಬಾಯಿಗೆ ಇಟ್ಟಳು. ಕೂಸು ಸುಮ್ಮನಾಯಿತು. ಅದನ್ನು ನೋಡಿ ಇನ್ನೆರಡು ಕೂಸುಗಳು ಅಳತೊಡಗಿದವು. ಅವುಗಳ ಬಾಯಿಗೂ ಒಂದೊಂದು ಬಿತ್ತು. ಆಮೇಲೆ ದೊಡ್ಡವರೂ "ಹೆಂಗಾಗ್ಯಾವ ನೋಡೂಣು" ಎಂದರು. ನಾನು ಅಡುಗೆಮನೆಯಲ್ಲಿ ಚಹಾ ಕುಡಿದು ಹೊರಗೆ ಬರುವುದರೊಳಗೆ ಕೂಸಿನ ಕೊರಳಲ್ಲಿ ದಾರ, ತೋಳಲ್ಲಿ ದಾರ, ತಲೆಗೆ ಒಂದು ಸುತ್ತು ದಾರ. ಅದೇ ಹೊತ್ತಿಗೆ ಫೋಟೋದವನು ಒಳಗೆ ಬಂದ.

ಎಲ್ಲರೂ ನನ್ನ ಮುಖ ನೋಡಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಜ್ಜಿ ಬಂದು ನನ್ನ ಬೆನ್ನು ಸವರಿದಳು. ಸಮಾಧಾನ ಹೇಳುತ್ತಾಳೆ ಎಂದುಕೊಂಡೆ.

"ಚಲೋ ಆಗಿದ್ವು ಬಿಡವಾ. ಮುಂದಿನ ಸಲ ಒಂದಿಷ್ಟು ಯಾಲಕ್ಕಿ ಹಾಕು."

ಮುದ್ದೇಬಿಹಾಳ: ಗಿಳಿ ಮತ್ತೆ ಸಿಕ್ಕದ್ದು

ನನ್ನ ತಮ್ಮನದು ಇಂಡಿಯಲ್ಲಿ ಲಿಂಬೆಹಣ್ಣಿನ ವ್ಯಾಪಾರ. ಮೂವತ್ತೆರಡು ದಾಟಿದರೂ ಮದುವೆಯಾಗಿರಲಿಲ್ಲ. ಕಾರಣ ದೊಡ್ಡವ್ವ. "ಕೈಯಾಗ ಕಸಬಿಲ್ಲದ ಹುಡುಗಿ ನಮ್ಮ ಮನಿಗೆ ಬ್ಯಾಡ" ಎಂದು ಏಳು ಕನ್ಯೆಗಳನ್ನು ಬಿಟ್ಟಿದ್ದಳು. ಏಳು ಮನೆಗಳಲ್ಲಿ ಉಪ್ಪಿಟ್ಟು ತಿಂದು ತಮ್ಮ ಬೇಸತ್ತು, "ಅಕ್ಕಾ, ಇದೊಂದ ಕಡೀದು. ಇದೂ ಆಗಲಿಲ್ಲಂದ್ರ ನಾ ಇನ್ನ ಯಾರ ಮನಿಗೂ ಬರಂಗಿಲ್ಲ" ಎಂದುಬಿಟ್ಟ. ಅವನು ಆಡಿದರೆ ಆಡಿದ್ದೇ. ನನಗೆ ದಿಗಿಲಾಯಿತು.

ಎಂಟನೆಯ ಕನ್ಯೆ ಮುದ್ದೇಬಿಹಾಳದವಳು, ಆಗ ನಾವಿದ್ದ ಊರಿನವಳೇ. ಹುಡುಗಿ ತಟ್ಟೆ ಹಿಡಿದು ಬಂದಳು. ಯಾವಾಗಲೂ ಜಂತಿ ಎಣಿಸುತ್ತ ಕೂಡುವ ನನ್ನ ತಮ್ಮ ಈ ಸಲ ಅವಳ ಮುಖ ನೋಡಿದವನು ತಟ್ಟೆ ತೆಗೆದುಕೊಳ್ಳುವುದನ್ನೇ ಮರೆತ. ಇದು ಆಗಲೇಬೇಕು ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ.

ಅಷ್ಟರಲ್ಲಿ ದೊಡ್ಡವ್ವ ಕೇಳಿದಳು: "ಹುಡುಗಿಗೆ ಕೈಕೆಲಸ ಏನರೆ ಬರ್ತೈತೇನು?"

ಹುಡುಗಿಯ ತಾಯಿ ಗೋಡೆಯ ಶೋಕೇಸಿನಿಂದ ಒಂದು ಸಾಮಾನು ತೆಗೆದು ತಂದು ದೊಡ್ಡವ್ವನ ಕೈಗಿಟ್ಟರು. "ನೋಡ್ರಿ, ಇದನ್ನ ನಮ್ಮ ಹುಡುಗಿನ ಮಾಡ್ಯಾಳ."

ಹಸಿರು ಮಣಿಯ ಗಿಳಿ. ಒಂದು ಕಣ್ಣು ಕಪ್ಪು, ಒಂದು ಕಣ್ಣು ಕೆಂಪು.

ಯಂಕಂಚಿಯಿಂದ ಅದು ಯಾರ ಯಾರ ಮನೆಗೆ ಮುಯ್ಯಿಯಾಗಿ ಹೋಗಿ, ಎಷ್ಟು ಊರು ಸುತ್ತಿ ಅಲ್ಲಿಗೆ ಬಂದಿತ್ತೋ ದೇವರೇ ಬಲ್ಲ. ದೊಡ್ಡವ್ವ ಕನ್ನಡಕ ಏರಿಸಿ ತಿರುವಿ ನೋಡಿ, "ಕಣ್ಣು ಯಾಕ ಹಿಂಗ?" ಎಂದಳು.

ಹುಡುಗಿಯ ತಾಯಿ ತಡವರಿಸಿದರು. ತಮ್ಮ ನನ್ನ ಕಡೆ ನೋಡಿದ. "ದೊಡ್ಡವ್ವ, ಈಗ ಅದ ಫ್ಯಾಶನ್ ಐತಿ" ಎಂದೆ ನಾನು.

"ಹೌದಾ?" ದೊಡ್ಡವ್ವ ಇನ್ನೊಮ್ಮೆ ನೋಡಿದಳು. "ಹುಡುಗಿಗೆ ತಲಿ ಐತಿ ಹಂಗಾರ."

ಆಮೇಲೆ ಹುಡುಗಿ ನನ್ನನ್ನು ಅಡುಗೆಮನೆಗೆ ಕರೆದಳು. ಕಣ್ಣಲ್ಲಿ ನೀರು. "ಅಕ್ಕಾರ, ನನಗ ಸುಳ್ಳ ಹೇಳಾಕ ಆಗಂಗಿಲ್ರಿ. ಅದು ನಾ ಮಾಡಿದ್ದಲ್ಲ, ಯಾರೋ ಕೊಟ್ಟಿದ್ದು. ನನಗ ಅಂಗಿಗೆ ಒಂದು ಗುಂಡಿ ಹಚ್ಚಾಕೂ ಬರಂಗಿಲ್ರಿ."

"ಗೊತ್ತೈತವಾ. ಅದನ್ನ ಮಾಡಿದಾಕಿ ನಾನ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಇಬ್ಬರೂ ಕಟ್ಟೆ ಹಿಡಿದುಕೊಂಡು ಸದ್ದಾಗದಂತೆ ನಕ್ಕೆವು. "ಈಗ ಬ್ಯಾಡ ಅಂತೀರೇನ್ರಿ?" ಎಂದು ಕೇಳಿದಳು.

"ಬ್ಯಾಡ ಯಾಕ ಅನ್ಲಿ? ಗುಂಡಿ ಹಚ್ಚಾಕ ಬರಂಗಿಲ್ಲ ಅಂತ ಮದಿವ್ಯಾದ ಮ್ಯಾಲ ಓಣಿಗೆಲ್ಲಾ ಹೇಳಿಬಿಡು. ಜೀವನದಾಗ ಸುಖವಾಗಿರ್ತಿ."

ರುಖವತ್ತು

ಮಾತುಕತೆ ಮುಗಿಯಿತು ಎನ್ನುವಾಗ ದೊಡ್ಡವ್ವ ಒಂದು ಷರತ್ತು ಹಾಕಿದಳು. ಮದುಮಗಳು ತನ್ನ ಕೈಯಾರೆ ಮಾಡಿದ ಸಾಮಾನುಗಳನ್ನು ಮಂಟಪದ ಬದಿಗೆ ಜೋಡಿಸಿಡುವ ರುಖವತ್ತು ನಮ್ಮಲ್ಲಿ ಇದೆಯಲ್ಲ, ಅದು ಭರ್ಜರಿಯಾಗಿ ಆಗಬೇಕು. "ಪ್ಯಾಟಿ ಸಾಮಾನು ನಡೆಯಂಗಿಲ್ಲ. ನಾ ತಿರುವಿ ನೋಡ್ತೇನಿ."

ನಾಲ್ಕನೆಯ ದಿನ ಹುಡುಗಿಯ ತಾಯಿ ನಮ್ಮ ಮನೆಗೆ ಬಂದು, ಬಾಗಿಲು ಮುಂದೆ ಮಾಡಿ, ನನ್ನೆರಡೂ ಕೈ ಹಿಡಿದುಕೊಂಡರು. ಗಿಳಿಯ ಕಥೆಯನ್ನು ಮಗಳು ಹೇಳಿಬಿಟ್ಟಿದ್ದಳು.

"ಬಾಯಾರ, ನಿಮ್ಮ ಕೈ ಭಾಳ ಚಲೋ ಐತ್ರಿ."

ನಾನು ಅಲ್ಲೇ ಕುಸಿದು ಕೂತೆ.

ವರನ ಅಕ್ಕ ವಧುವಿನ ರುಖವತ್ತನ್ನು ಕದ್ದು ಮಾಡುವುದು ನಮ್ಮ ವಂಶದಲ್ಲಿ ಅದೇ ಮೊದಲಿರಬೇಕು. ಮಣಿ ತೋರಣ, ವಾಯರ್ ಬ್ಯಾಗು, ಕ್ರೋಶಾದ ತಟ್ಟೆ ಮುಚ್ಚಿಗೆ, ಗಿಳಿಗಳ ಜೋಡಿ. ಈ ಸಲ ಮೊದಲೇ ನಾಲ್ಕು ಕರಿಮಣಿ ತೆಗೆದಿಟ್ಟುಕೊಂಡು ಕೂತೆ. ನಮ್ಮ ಮನೆಯವರು "ಇಷ್ಟೆಲ್ಲಾ ಯಾರಿಗೆ?" ಎಂದು ಕೇಳಿದರು. "ನಮಗ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಆ ಮನುಷ್ಯನಿಗೆ ಗೊತ್ತಾದರೆ ಊರಿಗೆ ಗೊತ್ತಾದಂತೆ.

ಕಣ್ಣು ಉರಿದವು, ಸೊಂಟ ಹಿಡಿಯಿತು. ಒಂದೊಂದು ಗಂಟನ್ನೂ ಒಳಕ್ಕೆ ತೂರಿಸಿ, ಮೇಲೆ ಮತ್ತೊಂದು ಎಳೆ ಹಾಯಿಸಿ ಮುಚ್ಚಿದೆ. ತಿರುವಿ ನೋಡುವವಳು ಯಾರೆಂದು ನನಗೆ ಗೊತ್ತಿತ್ತಲ್ಲ. ಒಂದು ಗಂಟು ಕಂಡರೂ ತಮ್ಮನ ಮದುವೆಗೆ ಎಲ್ಲಿ ವಿಘ್ನ ಬರುತ್ತದೋ ಎಂಬ ಹೆದರಿಕೆ. ನಿಜ ಹೇಳಬೇಕೆಂದರೆ ಅದೊಂದೇ ಕಾರಣವಾಗಿರಲಿಲ್ಲ.

ಮದುವೆಯ ದಿನ ಅಕ್ಷತೆ ಬಿದ್ದದ್ದೇ ತಡ ದೊಡ್ಡವ್ವ ರುಖವತ್ತಿನ ಮೇಜಿಗೆ ಬಂದಳು. ಹೊಸ ಸೊಸೆಯನ್ನೂ ಪಕ್ಕಕ್ಕೆ ಕರೆಸಿ ನಿಲ್ಲಿಸಿಕೊಂಡಳು. ನಾನು ಹಿಂದೆ ನಿಂತೆ. ದೊಡ್ಡವ್ವ ಕನ್ನಡಕ ಏರಿಸಿದಳು. ತೋರಣ ತಿರುವಿದಳು, ಮುಚ್ಚಿಗೆ ತಿರುವಿದಳು, ಗಿಳಿಯ ಹೊಟ್ಟೆಯನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿದಳು.

"ಗಂಟು ಎಲ್ಲೂ ಕಾಣವಲ್ದು" ಎಂದಳು. ಅವಳ ದನಿ ಸಣ್ಣಗೆ ನಡುಗಿತು. "ನಾ ಇಷ್ಟು ವರ್ಷ ಸೂಜಿ ಹಿಡದೇನಿ, ಇಂಥಾ ಕೈ ನೋಡಿಲ್ಲವಾ. ನನಗೂ ಹಿಂಗ ಬರಂಗಿಲ್ಲ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಕಾದ ಮಾತು. ಬಂದದ್ದು ಬೇರೆಯವಳ ಹೆಸರಿಗಾದರೂ ಬಂತಲ್ಲ ಎಂದುಕೊಂಡೆ. ದೊಡ್ಡವ್ವ ಹಿಂದೆ ತಿರುಗಿ ನನ್ನನ್ನು ನೋಡಿದಳು. ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಗೊತ್ತಾಯಿತು ಇವಳಿಗೆ, ಗೊತ್ತಾಗಿಯೇ ಹೋಯಿತು ಎಂದು ನಾನು ಉಸಿರು ಹಿಡಿದು ನಿಂತೆ.

"ನೀನೂ ಸಣ್ಣಾಕಿ ಇದ್ದಾಗಿಂದ ಮಾಡಾಕತ್ತಿ ಖರೇ" ಎಂದಳು ದೊಡ್ಡವ್ವ, ಬಹಳ ಪ್ರೀತಿಯಿಂದ. "ಇನ್ನ ಮ್ಯಾಲರೆ ಈಕಿ ಕಡೆ ಕುಂತು ಚಂದಂಗ ಕಲ್ತುಕೋ."

ನಾನು ಹೂಂ ಎನ್ನುವ ಮೊದಲೇ, ಸುಳ್ಳು ಹೇಳಲು ಬಾರದ ನಮ್ಮ ಹೊಸ ಸೊಸೆ ತಲೆ ತಗ್ಗಿಸಿಕೊಂಡೇ ಹೇಳಿದಳು:

"ಆಗ್ಲಿರಿ ದೊಡ್ಡವ್ವ, ಅಕ್ಕಾರಿಗೆ ನಾ ಕಲಿಸ್ತೇನಿ. ಮೊದಲ ಗುಂಡಿ ಹಚ್ಚೋದರಿಂದ ಶುರು ಮಾಡ್ತೇವಿ."